ಕೋವಿಡ್ ಮುಗಿದು ಇಷ್ಟು ವರ್ಷ ಆಯ್ತು, ನರ್ಸ್ ಆಗಿರೋ ನನ್ನ ಹೆಂಡ್ತಿಗೆ ಈಗ್ಯಾಕೆ ನಿದ್ದೆ ಬರ್ತಿಲ್ಲ?

ಪ್ರಶ್ನೆ: ನನ್ನ ಹೆಂಡ್ತಿ ಕ್ಯಾಶುವಲ್ಟಿಲಿ ಸ್ಟಾಫ್ ನರ್ಸ್. 2020, 2021 ಎರಡೂ ವರ್ಷ ಗಟ್ಟಿಯಾಗಿ ನಿಂತು ಡ್ಯೂಟಿ ಮಾಡಿದ್ಲು, ಆಗ ಅವಳು ಅತ್ತಿದ್ದು ನಾನು ನೋಡೇ ಇಲ್ಲ. ಈಗ ರಾತ್ರಿ ಎರಡು ಗಂಟೆಗೆ ಎದ್ದು ಕೂತಿರ್ತಾಳೆ, ಸಣ್ಣದಕ್ಕೂ ಮಕ್ಕಳ ಮೇಲೆ ರೇಗ್ತಾಳೆ, ಸೈರನ್ ಕೇಳಿದ್ರೆ ಮುಖ ಬಿಳಚಿಕೊಳ್ಳುತ್ತೆ. ಎಲ್ಲಾ ಮುಗಿದ್ಮೇಲೆ ಹಿಂಗಾಗುತ್ತಾ? ಕೆಲಸ ಬಿಡ್ಸಿಬಿಡ್ಲಾ?

ಆಗುತ್ತೆ ಸರ್. ಎಷ್ಟೋ ಜನಕ್ಕೆ ಎಲ್ಲಾ ಮುಗಿದ್ಮೇಲೇ ಇದು ಶುರುವಾಗೋದು. ಇದೇ ಪ್ರಶ್ನೆನ ಬೇರೆ ಬೇರೆ ಮಾತಲ್ಲಿ ಸುಮಾರು ಗಂಡಂದಿರು, ಅಮ್ಮಂದಿರು ಕೇಳಿದ್ದಾರೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ, ನಾನೂ 2021ರ ಎರಡನೇ ಅಲೆಲಿ ಬೆಂಗಳೂರಿನ ಒಂದು ಆಸ್ಪತ್ರೆ ಕ್ಯಾಶುವಲ್ಟಿಲೇ ಇದ್ದವಳು.

ಆಗ ಅವ್ರು ಯಾಕೆ ಅಳ್ಲಿಲ್ಲ ಅನ್ನೋದು ಮೊದಲು. ಪಿಪಿಇ ಕಿಟ್ ಒಂದ್ಸಲ ಹಾಕಿದ್ರೆ ಆರು ಗಂಟೆ, ಕೆಲವು ಕಡೆ ಎಂಟು ಗಂಟೆ ತೆಗೆಯೋ ಹಾಗಿರ್ಲಿಲ್ಲ, ನೀರು ಕುಡಿಯೋ ಹಾಗಿಲ್ಲ, ಬಾತ್‌ರೂಮಿಗೆ ಹೋಗೋ ಹಾಗಿಲ್ಲ, ಪೀರಿಯಡ್ಸ್ ಆದ್ರೂ ಅದ್ರೊಳಗೇ, ಗಾಗಲ್ಸ್ ಒಳಗೆ ಆವಿ ಕಟ್ಟಿ ಸೂಜಿ ಚುಚ್ಚೋ ರಕ್ತನಾಳ ಕಣ್ಣಿಗೆ ಕಾಣಲ್ಲ, ಎರಡೆರಡು ಗ್ಲೌಸ್ ಹಾಕಿರೋದ್ರಿಂದ ಬೆರಳಿಗೂ ಸಿಗಲ್ಲ. ಅದ್ರಲ್ಲಿ ಅತ್ರೆ ಮೂಗು ಸೋರಿ ಎನ್95 ಒದ್ದೆ ಆಗುತ್ತೆ, ಒದ್ದೆ ಮಾಸ್ಕ್ ನಂಬೋ ಹಾಗಿಲ್ಲ, ಬದಲಾಯಿಸೋಣ ಅಂದ್ರೆ ಇನ್ನೂ ನಾಲ್ಕು ಗಂಟೆ ಶಿಫ್ಟ್ ಬಾಕಿ. ಹಂಗಾಗಿ ಅಳು ಬಂದ್ರೆ ನುಂಗೋದು ನಮ್ಗೆಲ್ಲಾ ರೂಢಿ ಆಗೋಯ್ತು. ಮನೆಗೆ ಬಂದ್ರೂ ಬೇರೆ ರೂಮು, ಬೇರೆ ತಟ್ಟೆ, ಬಾಗಿಲಾಚೆ ಮಗು ಅಮ್ಮಾ ಅಂತ ಕೂಗ್ತಿದ್ರೆ ಒಳಗೆ ಕೂತು ಅಳೋಕಾಗುತ್ತಾ.

ಆದ್ರೆ ಸುಸ್ತು ಮಲಗಿದ್ರೆ ಹೋಗುತ್ತೆ. ಸೋಂಕಿನ ಭಯನೂ 2021ರ ಜನವರಿಲಿ ನಮಗೆ ಲಸಿಕೆ ಶುರುವಾದ್ಮೇಲೆ ಎಷ್ಟೋ ಇಳೀತು. ಇಷ್ಟು ವರ್ಷ ಆದ್ಮೇಲೂ ರಾತ್ರಿ ಎರಡಕ್ಕೆ ಎಬ್ಬಿಸೋದು ಅವೆರಡೂ ಅಲ್ಲ ಅಂತ ನನ್ನ ಅನುಭವ.

ಎಬ್ಬಿಸೋದೇನು ಅಂತ ಹೇಳೋಕೆ ಆಕ್ಸಿಜನ್ ಲೆಕ್ಕದಿಂದ ಶುರು ಮಾಡ್ಬೇಕು. ಜಂಬೋ ಅನ್ನೋ ಒಂದು ದೊಡ್ಡ ಸಿಲಿಂಡರ್‌ನಲ್ಲಿ ಸುಮಾರು 7000 ಲೀಟರ್ ಆಕ್ಸಿಜನ್ ಇರುತ್ತೆ. ನಿಮಿಷಕ್ಕೆ 15 ಲೀಟರ್ ಕೊಟ್ರೆ ಏಳೂಮುಕ್ಕಾಲು ಗಂಟೆ, ಹೈ ಫ್ಲೋ ಮಷೀನ್‌ಗೆ ಹಾಕಿ 60 ಇಟ್ರೆ ಎರಡು ಗಂಟೆನೂ ಬರಲ್ಲ. ಸಣ್ಣ ಬಿ ಟೈಪ್ ಸಿಲಿಂಡರ್‌ನಲ್ಲಿ ಬರೀ 1500. ಎರಡನೇ ಅಲೆಯ ಆ ತಿಂಗಳು ಪೂರ್ತಿ ನಮ್ಮ ತಲೇಲಿ ಓಡ್ತಿದ್ದಿದ್ದು ಈ ಭಾಗಾಕಾರ. ಮೇ 5ಕ್ಕೆ ರಾಜ್ಯದಲ್ಲಿ ಒಂದೇ ದಿನದ ಹೊಸ ಕೇಸು 50 ಸಾವಿರ ದಾಟ್ತು, ಬೆಡ್ಡಿಗೆ ಬಿಯು ನಂಬರ್ (ಪಾಸಿಟಿವ್ ಬಂದವ್ರಿಗೆ ಬೆಂಗಳೂರಲ್ಲಿ ಕೊಡ್ತಿದ್ದ ಗುರುತಿನ ನಂಬರ್) ಬೇಕಿತ್ತು, ಆಗಿನ ಬೆಡ್ ಸಹಾಯವಾಣಿ 1912ಗೆ ಫೋನ್ ಮಾಡಿ ಮಾಡಿ ಸಾಕಾದವ್ರು ಕೊನೆಗೆ ಬರೋದು ಕ್ಯಾಶುವಲ್ಟಿ ಬಾಗಿಲಿಗೆ, ಆ ಬಾಗಿಲಲ್ಲಿ ನಿಂತು ಬೆಡ್ ಇಲ್ಲ ಅಂತ ಹೇಳ್ಬೇಕಾಗಿದ್ದು ಸಿಸ್ಟರ್.

ಒಂದು ರಾತ್ರಿ ಹನ್ನೊಂದು ಗಂಟೆ, ಗೋಡೆ ಮೇಲೆ ಪೈಪ್ ಸಿಗಿಸೋಕೆ ಖಾಲಿ ಇರೋ ಆಕ್ಸಿಜನ್ ಪೋರ್ಟ್ ಒಂದೂ ಇಲ್ಲ, ಚಿಕ್ಕ ವಯಸ್ಸಿನ ಒಬ್ಬಾಕೆ ಸ್ಯಾಚುರೇಷನ್, ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್ ಮಟ್ಟ, 58ರಲ್ಲಿ ಬಂದ್ಲು. ಡಾಕ್ಟ್ರು ಸುತ್ತ ಒಮ್ಮೆ ನೋಡಿ ಒಬ್ಬ ಅಜ್ಜನ ಕಡೆ ಕೈ ತೋರಿಸಿದ್ರು, ಅವ್ರದ್ದು 91 ಇತ್ತು. ನಿರ್ಧಾರ ಡಾಕ್ಟ್ರುದು, ಅದು ಸರೀನೇ ಇತ್ತು, ಆದ್ರೆ ಗೋಡೆಯಿಂದ ಪೈಪ್ ಕಿತ್ತಿದ್ದು ನನ್ನ ಕೈ. ಅಜ್ಜನಿಗೆ ಬಿ ಟೈಪ್ ಸಿಲಿಂಡರ್ ಹಾಕಿ 5 ಲೀಟರ್‌ಗೆ ಇಟ್ಟೆ. "ನಂದ್ಯಾಕವ್ವಾ ತೆಗಿತೀ" ಅಂದ್ರು. ಏನೂ ಆಗಲ್ಲ ತಾತ, ಇದೂ ಅದೇ ಗಾಳಿ ಅಂದೆ. 1500ನ್ನ 5ರಿಂದ ಭಾಗಿಸಿದ್ರೆ ಐದು ಗಂಟೆ, ಅಂದ್ರೆ ಬೆಳಗ್ಗೆ ನಾಲ್ಕಕ್ಕೆ ಬದಲಾಯಿಸ್ಬೇಕು, ಲೆಕ್ಕ ನಂಗೆ ಗೊತ್ತಿತ್ತು. ನಾಲ್ಕಕ್ಕೆ ನಾನು ಇನ್ನೊಂದು ಟ್ರಾಲಿ ಮೇಲಿದ್ದ ರೋಗಿಗೆ ಎದೆ ಒತ್ತಿ ಸಿಪಿಆರ್ ಕೊಡ್ತಿದ್ದೆ. ಆಕ್ಸಿಜನ್ ಹೋಗ್ತಿದ್ರೆ ಹ್ಯುಮಿಡಿಫೈಯರ್ ಬಾಟ್ಲಿಲಿ ನೀರು ಬುಳಬುಳ ಅಂತಿರುತ್ತೆ, ಆ ಸದ್ದು ನಿಂತಿದ್ದು ನಂಗೆ ಕೇಳಿಸ್ತು, ಕೇಳಿಸಿದ್ರೂ ಕೈ ಬಿಟ್ಟು ಹೋಗೋ ಹಾಗಿರ್ಲಿಲ್ಲ.

ಅಜ್ಜ ಬೆಳಗ್ಗೆ ಹೋಗ್ಬಿಟ್ರು.

ಆಮೇಲೆ ಒಂದು ವರ್ಷ ನಾನು ಚೆನ್ನಾಗೇ ಇದ್ದೆ, ತಿಂದೆ, ಮಲಗಿದೆ, ಡ್ಯೂಟಿಗೆ ಹೋದೆ. ಅಕ್ಕನ ಮನೇಲಿ ಒಂದು ಅಕ್ವೇರಿಯಂ ಇದೆ, ಒಂದು ಭಾನುವಾರ ಊಟಕ್ಕೆ ಕೂತಿದ್ವಿ, ಕರೆಂಟ್ ಹೋಯ್ತು, ಪಂಪ್ ನಿಂತು ಗುಳ್ಳೆ ನಿಂತ್ವು. ನನ್ನ ಕೈಕಾಲು ತಣ್ಣಗಾಗಿ ತಟ್ಟೆ ಬಿಟ್ಟು ಎದ್ದು ಓಡಿದೀನಿ, ಎಲ್ಲಿಗೆ ಅಂತ ನಂಗೇ ಗೊತ್ತಿಲ್ಲ. ನಿಮ್ಮ ಮನೆಯವ್ರಿಗೆ ಸೈರನ್ ಹಿಂಗೇ ಇರ್ಬಹುದು.

ಕೆಲಸದ ಒತ್ತಡದಿಂದ ಬತ್ತಿಹೋಗೋದಕ್ಕೆ ಬರ್ನ್‌ಔಟ್ ಅಂತಾರೆ. ನಾನು ಹೇಳ್ತಿರೋದು ಬೇರೆ. ಯಾವುದು ಸರಿಯಾದ ಆರೈಕೆ ಅಂತ ಗೊತ್ತಿದ್ದೂ ಅದನ್ನ ಕೊಡೋಕಾಗದೆ, ಕೊಡದೇ ಇದ್ದಿದ್ದು ತನ್ನ ಕೈಯೇ ಅಂತ ಮನಸ್ಸಲ್ಲಿ ಕೂತ್ಬಿಡೋದಕ್ಕೆ ಮಾರಲ್ ಇಂಜುರಿ ಅಂತ ಹೆಸರು, ಮನಸ್ಸಾಕ್ಷಿಗೆ ಆದ ಗಾಯ ಅನ್ನಿ. ಅಮೆರಿಕದ ಸೈಕಿಯಾಟ್ರಿಸ್ಟ್ ಜೊನಾಥನ್ ಶೇ 1990ರ ದಶಕದಲ್ಲಿ ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರಿಗೆ ಚಿಕಿತ್ಸೆ ಕೊಡ್ತಾ ಬಳಕೆಗೆ ತಂದ ಮಾತು ಅದು. 2021ರ ಮೇ 2-3ಕ್ಕೆ ಚಾಮರಾಜನಗರ ಜಿಲ್ಲಾಸ್ಪತ್ರೆಲಿ ಆಕ್ಸಿಜನ್ ಕೊರತೆ ಆಗಿ 24 ಜನ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಡ್ಯೂಟಿ ರೂಮಲ್ಲಿ ಒಬ್ರೂ ಮಾತಾಡ್ಲಿಲ್ಲ, ಆ ರಾತ್ರಿ ಅಲ್ಲಿದ್ದ ಸಿಸ್ಟರ್‌ಗಳ ಜಾಗದಲ್ಲಿ ನಾವಿರ್ಬಹುದಿತ್ತು ಅಂತ ಎಲ್ಲರ ತಲೇಲೂ ಓಡ್ತಿತ್ತು.

ತಡವಾಗಿ ಬರೋದು ಹೊಸದೇನಲ್ಲ. ಪಿಟಿಎಸ್‌ಡಿ ಅನ್ನೋ, ಆಘಾತ ಆದ್ಮೇಲೆ ಬರೋ ಮನಸ್ಸಿನ ಕಾಯಿಲೆಲಿ ಘಟನೆ ಆಗಿ ಆರು ತಿಂಗಳಾದ್ಮೇಲೆ ಪೂರ್ತಿ ಲಕ್ಷಣ ಕಾಣಿಸ್ಕೊಳ್ಳೋ ಬಗೆ ಒಂದಿದೆ ಅಂತ ಡಾಕ್ಟ್ರುಗಳ ಪುಸ್ತಕದಲ್ಲೇ ಇದೆ. 2003ರಲ್ಲಿ ಕೆನಡಾದ ಟೊರಾಂಟೋಲಿ ಸಾರ್ಸ್ ಅನ್ನೋ ಕೋವಿಡ್ ಥರದ್ದೇ ಉಸಿರಾಟದ ಸೋಂಕು ಬಂದಾಗ ಆ ರೋಗಿಗಳನ್ನ ನೋಡಿದ ಆಸ್ಪತ್ರೆಗಳ ಸಿಬ್ಬಂದಿನ ಒಂದೆರಡು ವರ್ಷ ಬಿಟ್ಟು ವಿಚಾರಿಸಿದ್ರು, ಸಾರ್ಸ್ ನೋಡದ ಆಸ್ಪತ್ರೆಯವರಿಗಿಂತ ಇವ್ರಲ್ಲಿ ಬರ್ನ್‌ಔಟೂ ಜಾಸ್ತಿ, ಮನಸ್ಸಿನ ಸಂಕಟನೂ ಜಾಸ್ತಿ ಇತ್ತು. 2020ರ ಶುರುವಲ್ಲಿ ಚೀನಾದ 34 ಆಸ್ಪತ್ರೆಗಳ 1257 ಸಿಬ್ಬಂದಿನ ಕೇಳಿದಾಗ ಮೂರರಲ್ಲಿ ಒಬ್ರಿಗೆ ನಿದ್ದೆ ತೊಂದರೆ, ಅದ್ರಲ್ಲೂ ನರ್ಸ್‌ಗಳಿಗೆ ಒಟ್ಟಾರೆ ಕಷ್ಟ ಹೆಚ್ಚಿತ್ತು. ನಿಮ್ಮ ಮನೆಯವ್ರು ವೀಕ್ ಅಂತ ಯಾರಾದ್ರೂ ಅಂದ್ರೆ ಇದನ್ನ ಹೇಳಿ.

ಇನ್ನೊಂದು ಮಾತು ಹೇಳ್ಲೇಬೇಕು. 2020ರ ಮಾರ್ಚ್ 22ಕ್ಕೆ ತಟ್ಟೆ ಬಡಿದ್ರು, ಚಪ್ಪಾಳೆ ತಟ್ಟಿದ್ರು, ನಮ್ಗೆಲ್ಲಾ ಕೊರೊನಾ ವಾರಿಯರ್ ಅಂತ ಹೆಸರಿಟ್ರು, ಪ್ರೀತಿಯಿಂದ್ಲೇ ಮಾಡಿದ್ದು ಅದು. ಆದ್ರೆ ವಾರಿಯರ್ ಆದವಳು ನಂಗೆ ಆಗ್ತಿಲ್ಲ ಅಂತ ಯಾರ ಹತ್ರ ಹೇಳ್ಬೇಕು ಹೇಳಿ. ಅದೇ ಟೈಮಲ್ಲಿ ನಮ್ಮ ಪಿಜಿ ಓನರ್ ನಮ್ಮ ಸಾಮಾನು ಹೊರಗಿಟ್ಟಿದ್ರು. ನಂಗೆ ಚಪ್ಪಾಳೆ ಬದಲು ಎರಡು ದಿನ ರಜೆ, ಕೈ ಜೋಡಿಸೋಕೆ ಇನ್ನೊಬ್ಬ ಸಿಸ್ಟರ್, ಮಲಗೋಕೆ ಒಂದು ಜಾಗ ಬೇಕಿತ್ತು.

ಈಗ ನೀವೇನು ಮಾಡ್ಬಹುದು. "ಎಷ್ಟು ಜೀವ ಉಳಿಸಿದ್ದೀಯ ನೋಡು" ಅಂತ ದಯವಿಟ್ಟು ಹೇಳ್ಬೇಡಿ, ಅವ್ರು ಎಣಿಸ್ತಾ ಕೂತಿರೋದು ಉಳಿದವ್ರನ್ನಲ್ಲ. ಎಲ್ಲಾ ಹೇಳ್ಬಿಡು, ಹಗುರ ಆಗ್ತೀಯ ಅಂತ ಒತ್ತಾಯನೂ ಬೇಡ, ಒಂದೇ ಸಲ ಕೂರಿಸಿ ಬಲವಂತವಾಗಿ ಎಲ್ಲಾ ಹೇಳ್ಸೋದ್ರಿಂದ ಉಪಯೋಗ ಇಲ್ಲ ಅಂತ ತಜ್ಞರೂ ಅದನ್ನ ಕೈಬಿಟ್ಟಿದ್ದಾರೆ. ರಾತ್ರಿ ಎರಡಕ್ಕೆ ಎದ್ದಾಗ ನೀವೂ ಎದ್ದು ಲೈಟ್ ಹಾಕಿ ಪಕ್ಕ ಕೂತ್ಕೊಳ್ಳಿ, ಬಿಸಿ ಹಾಲೋ ನೀರೋ ಕೊಡಿ, ಮಾತು ಬಂದ್ರೆ ಕೇಳಿಸ್ಕೊಳ್ಳಿ, ಮಧ್ಯೆ ತೀರ್ಪು ಕೊಡ್ಬೇಡಿ.

ಮತ್ತೆ ಒಂದು ಗಮನಿಸಿ. ನರ್ಸ್‌ಗಳ ಕೈಗೆ ಆಲ್ಪ್ರಜೋಲಾಮ್ ಥರದ, ಆತಂಕ ಇಳಿಸಿ ನಿದ್ದೆ ತರಿಸೋ ಮಾತ್ರೆ ಸುಲಭವಾಗಿ ಸಿಗುತ್ತೆ, ನಿದ್ದೆಗೆ ಅಂತ ತಾವೇ ನುಂಗೋಕೆ ಶುರು ಮಾಡ್ತಾರೆ, ನಾನೂ ಮಾಡಿದ್ದೆ. ಪಿಟಿಎಸ್‌ಡಿಗೆ ಅದು ಔಷಧಿ ಅಲ್ಲ, ಅಭ್ಯಾಸ ಬೇರೆ ಆಗುತ್ತೆ, ಈಗಾಗ್ಲೇ ದಿನಾ ತಗೊಳ್ತಿದ್ರೆ ಏಕ್ದಂ ನಿಲ್ಲಿಸೋದೂ ಅಪಾಯ, ಡಾಕ್ಟ್ರು ಹೇಳಿದ ಹಾಗೆ ನಿಧಾನಕ್ಕೆ ಬಿಡಿಸ್ಬೇಕು. ಕೆಲಸ ಮಾಡೋದು ಆಘಾತಕ್ಕೇ ಅಂತ ಇರೋ ಥೆರಪಿ, ಬೇಕಾದ್ರೆ ಜೊತೆಗೆ ಡಾಕ್ಟ್ರು ಬರೆದುಕೊಡೋ ಸರ್ಟ್ರಲೀನ್ ಥರದ, ಖಿನ್ನತೆಗೂ ಕೊಡೋ ಔಷಧಿ. ನನ್ನ ಕೌನ್ಸೆಲರ್ ನಂಗೆ ಅಕ್ಕನ ಮನೆ ಅಕ್ವೇರಿಯಂ ಮುಂದೆ ಕೂತು ಪಂಪ್ ಆಫ್ ಮಾಡಿ ಒಂದು ನಿಮಿಷ ಇರು ಅಂದ್ರು, ಮುಂದಿನ ವಾರ ಎರಡು ನಿಮಿಷ, ಹಿಂಗೇ ಏರಿಸ್ತಾ ಹೋದ್ವಿ, ಮೊದಲ ದಿನ ಅಕ್ಕನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡ್ತಾರೆ, ದಿನದ 24 ಗಂಟೆನೂ ಇರುತ್ತೆ, ದುಡ್ಡಿಲ್ಲ, ಆಸ್ಪತ್ರೆಲಿ ಸಹೋದ್ಯೋಗಿಗಳಿಗೆ ಗೊತ್ತಾಗುತ್ತೆ ಅನ್ನೋ ಅಂಜಿಕೆ ಇದ್ರೆ ಮೊದಲು ಅಲ್ಲಿಂದ ಶುರು ಮಾಡಿ. ಬದುಕಿ ಏನು ಪ್ರಯೋಜನ ಅನ್ನೋ ಥರ ಮಾತು ಬಂದ್ರೆ ಮಾತ್ರ ಕಾಯ್ಬೇಡಿ, ಒಬ್ರನ್ನೇ ಬಿಡ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಕೆಲಸ ಬಿಡ್ಸೋ ವಿಷಯ. ನೀವು ಬಿಡ್ಸ್ಬೇಡಿ ಸರ್, ಅದು ಅವ್ರ ಕೆಲಸ, ಅವ್ರೇ ತೀರ್ಮಾನ ಮಾಡ್ಲಿ, ಅದೂ ನಾಲ್ಕು ವಾರ ಸರಿಯಾಗಿ ನಿದ್ದೆ ಮಾಡಿದ್ಮೇಲೆ. ಅಲ್ಲೀವರೆಗೆ ನೈಟ್ ಡ್ಯೂಟಿ ಬೇಡ, ಓಪಿಡಿಗೋ ಡಯಾಲಿಸಿಸ್‌ಗೋ ಮೂರು ತಿಂಗಳು ಹಾಕ್ಕೊಡಿ ಅಂತ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ರ ಕೇಳೋಕೆ ಹೇಳಿ, ಡಾಕ್ಟ್ರ ಚೀಟಿ ಇದ್ರೆ ಕೇಳೋದು ಸುಲಭ. ನಾನು ಹಂಗೇ ಡಯಾಲಿಸಿಸ್‌ಗೆ ಹೋದೆ, ಏಳು ತಿಂಗಳಿದ್ದು ಕ್ಯಾಶುವಲ್ಟಿಗೆ ವಾಪಸ್ ಬಂದೆ. ನನ್ನ ಜೊತೆಗಿದ್ದ ಇನ್ನೊಬ್ರು ಸಿಸ್ಟರ್ ವಾಪಸ್ ಬರ್ಲಿಲ್ಲ, ಊರಲ್ಲಿ ನರ್ಸಿಂಗ್ ಕಾಲೇಜಲ್ಲಿ ಪಾಠ ಮಾಡ್ತಾರೆ, ಅವ್ರೂ ಚೆನ್ನಾಗಿದ್ದಾರೆ.