ಸೆಲ್ ಅಂದರೆ ಮೊದಲಿಗೆ ಒಂದು ಪುಟ್ಟ ಕೋಣೆ

ಗಡಿಯಾರಕ್ಕೆ ಹಾಕುವುದೂ ಸೆಲ್, ಜೇಬಿನಲ್ಲಿ ರಿಂಗಾಗುವುದೂ ಸೆಲ್, ಕೈದಿಯನ್ನು ಕೂಡಿಹಾಕುವುದೂ ಸೆಲ್. ಜೀವಶಾಸ್ತ್ರದ ಪುಸ್ತಕ ತೆರೆದರೆ ನಮ್ಮ ಮೈ ತುಂಬಾ ಸೆಲ್. ಇಷ್ಟೆಲ್ಲಕ್ಕೂ ಒಂದೇ ಹೆಸರು ಸುಮ್ನೆ ಬಂದದ್ದಲ್ಲ. ಲ್ಯಾಟಿನ್ನಿನ 'ಸೆಲ್ಲಾ' ಇದರ ಬೇರು, ಅಂದರೆ ಸಣ್ಣ ಕೋಣೆ. ಮಠದ ಸನ್ಯಾಸಿಯ ಕೋಣೆಗೂ ಜೇನುಗೂಡಿನ ಕಣ್ಣಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು.

ನನಗೆ ತುಂಬಾ ಇಷ್ಟವಾದದ್ದು ಜೀವಶಾಸ್ತ್ರದ ಕಥೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಬಿರಡೆಯ ತೆಳುವಾದ ಚೂರೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಜೇನುಹುಟ್ಟಿನ ಹಾಗೆ ಸಾಲುಸಾಲು ಪುಟ್ಟ ಖಾಲಿ ಗೂಡುಗಳು ಕಂಡವು. 1665ರ ತನ್ನ ಪುಸ್ತಕದಲ್ಲಿ ಅವುಗಳನ್ನು ಸೆಲ್ ಎಂದು ಕರೆದ. ಒಂದು ಘನ ಅಂಗುಲದಲ್ಲಿ 120 ಕೋಟಿಗೂ ಜಾಸ್ತಿ ಗೂಡುಗಳಿರಬೇಕು ಅಂತ ಲೆಕ್ಕವನ್ನೂ ಹಾಕಿದ. ಅವನು ನೋಡಿದ್ದು ಮಾತ್ರ ಜೀವ ಹೋದ ಮೇಲೆ ಉಳಿದಿದ್ದ ಬರೀ ಗೋಡೆಗಳನ್ನು! ಗಿಡಗಳೆಲ್ಲ ಜೀವಕೋಶಗಳಿಂದಲೇ ಆಗಿವೆ ಎಂದು ಜರ್ಮನಿಯ ವಿಜ್ಞಾನಿ ಶ್ಲೈಡೆನ್ 1838ರಲ್ಲಿ ಹೇಳಿದ, ಪ್ರಾಣಿಗಳೂ ಹಾಗೇ ಎಂದು ಅದೇ ದೇಶದ ಶ್ವಾನ್ 1839ರಲ್ಲಿ ಹೇಳಿದ. ಆದರೆ ಪ್ರಾಣಿಗಳ ಜೀವಕೋಶಕ್ಕೆ ಗೋಡೆಯೇ ಇಲ್ಲ, ತೆಳ್ಳಗಿನ ಪೊರೆ ಅಷ್ಟೇ. ಖಾಲಿ ಕೋಣೆಯನ್ನು ನೋಡಿ ಇಟ್ಟ ಹೆಸರು ಕೊನೆಗೆ ಒಳಗೆ ತುಂಬಿರುವ ಜೀವಕ್ಕೇ ಅಂಟಿಕೊಂಡಿತು.

ಫೋನಿನ ಸೆಲ್ ಫೋನಿನೊಳಗೆ ಇಲ್ಲ, ನೆಲದ ಮೇಲಿದೆ. ಒಂದು ದೊಡ್ಡ ಪ್ರದೇಶವನ್ನು ಆರು ಮೂಲೆಯ ಸಣ್ಣ ತುಂಡುಗಳಾಗಿ ಭಾಗ ಮಾಡಿ, ಅಕ್ಕಪಕ್ಕದ ತುಂಡುಗಳಿಗೆ ಬೇರೆ ಬೇರೆ ತರಂಗಾಂತರ ಕೊಟ್ಟರೆ, ದೂರದ ತುಂಡುಗಳಲ್ಲಿ ಅದೇ ತರಂಗಾಂತರವನ್ನು ಮತ್ತೆ ಬಳಸಬಹುದು ಎಂಬ ಯೋಚನೆ 1947ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿತ್ತು. ಆ ತುಂಡೇ ಸೆಲ್. ನಾವು ಓಡಾಡುವಾಗ ಫೋನು ಒಂದು ಸೆಲ್‌ನಿಂದ ಪಕ್ಕದ ಸೆಲ್‌ಗೆ ದಾಟುತ್ತಿರುತ್ತದೆ.

ಇನ್ನು ಬ್ಯಾಟರಿ. ಎರಡು ಬೇರೆ ವಸ್ತುಗಳು, ನಡುವೆ ರಾಸಾಯನಿಕ, ಇಷ್ಟಿದ್ದರೆ ಒಂದು ಸೆಲ್. ಹಲವು ಸೆಲ್ ಸೇರಿದರೆ ಬ್ಯಾಟರಿ. 9 ವೋಲ್ಟಿನ ಚೌಕ ಬ್ಯಾಟರಿಯೊಳಗೆ ಸಾಮಾನ್ಯವಾಗಿ 1.5 ವೋಲ್ಟಿನ ಆರು ಸೆಲ್ ಇರುತ್ತವೆ. ಗುಟ್ಟಾಗಿ ಕೆಲಸ ಮಾಡುವ ಸಣ್ಣ ತಂಡ, ಸ್ಪ್ರೆಡ್‌ಶೀಟಿನ ಒಂದು ಮನೆ, ಇವೂ ಸೆಲ್‌ಗಳೇ.

ಇಷ್ಟೊಂದು ಅರ್ಥಗಳಿದ್ದರೂ ಮಾತಿನ ನಡುವೆ ನಮಗೆ ಗೊಂದಲ ಆಗುವುದಿಲ್ಲ, ಅಲ್ವಾ? 1979ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಸ್ವಿನ್ನಿ ಇದನ್ನು 'ಬಗ್' ಎಂಬ ಪದದಿಂದ ಪರೀಕ್ಷಿಸಿದರು. ಅದಕ್ಕೆ ಹುಳು ಎಂದೂ ಅರ್ಥ, ಕದ್ದು ಕೇಳುವ ಮೈಕು ಎಂದೂ ಅರ್ಥ. ಹುಳುಗಳ ವಿಷಯವೇ ನಡೆಯುತ್ತಿದ್ದರೂ, 'ಬಗ್' ಕಿವಿಗೆ ಬಿದ್ದ ಕೂಡಲೇ ಪರದೆಯ ಮೇಲೆ 'ಇರುವೆ' ಬಂದರೂ 'ಗೂಢಚಾರ' ಬಂದರೂ ಕೇಳುಗರು ಚುರುಕಾಗಿ ಗುರುತಿಸಿದರು. ಅಂದರೆ ಮಿದುಳು ಎರಡೂ ಅರ್ಥಗಳನ್ನು ಒಟ್ಟಿಗೇ ಎಬ್ಬಿಸುತ್ತದೆ. ಒಂದು ಸೆಕೆಂಡು ಕಳೆಯುವ ಹೊತ್ತಿಗೆ ಆ ಚುರುಕು 'ಇರುವೆ'ಗೆ ಮಾತ್ರ ಉಳಿದಿತ್ತು.