ಗಾಡಿಯಿಂದ ನೆಲಮಾಳಿಗೆಗೆ: ತೈಪೆಯ ರಾತ್ರಿ ಸಂತೆಗಳ ಹಿನ್ನೆಲೆ

ತೈವಾನಿನ ರಾಜಧಾನಿ ತೈಪೆಗೆ ಹೊರಟವರಿಗೆ ಶಿಲಿನ್ ರಾತ್ರಿ ಸಂತೆಯನ್ನು ನೋಡದೆ ಬರಬೇಡಿ ಎಂದು ಒಬ್ಬರು ಹೇಳಿದರೆ, ಅದು ಬರೀ ಪ್ರವಾಸಿಗರ ಜಾಗ, ಅತ್ತ ಸುಳಿಯಲೇಬೇಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡು ಮಾತಿನಲ್ಲೂ ಹುರುಳಿದೆ.

ತೈಪೆಯ ಹಳೆಯ ಸಂತೆಗಳಲ್ಲಿ ಹಲವು ದೇಗುಲಗಳ ಮುಂದೆ ಹುಟ್ಟಿದವು. ಶಿಲಿನ್ ಸಂತೆ ಬೆಳೆದದ್ದು ಕಡಲ ದೇವತೆ ಮಾಝುವಿನ ಗುಡಿಯ ಎದುರು. ಜಪಾನೀಯರ ಆಳ್ವಿಕೆಯಲ್ಲಿ ಅಲ್ಲಿ ಮಾರುಕಟ್ಟೆಯ ಕಟ್ಟಡ ಎದ್ದಿತು. ಯುದ್ಧಾನಂತರ ನಗರಕ್ಕೆ ದುಡಿಯಲು ಬಂದವರ ಹಸಿವು, ಕೈಯಲ್ಲಿದ್ದಷ್ಟು ಹಣಕ್ಕೆ ಒದಗುವ ತಳ್ಳುಗಾಡಿ, ಇವೆರಡೂ ಸೇರಿ ಸಂತೆಗಳನ್ನು ಊರ ತುಂಬ ಹರಡಿದವು. 1987ರ ಹೊತ್ತಿಗೆ ಸುಮಾರು 600 ಮೀಟರ್ ಉದ್ದದ ರಾವೋಹ ಬೀದಿ ಅಧಿಕೃತ ಪ್ರವಾಸಿ ರಾತ್ರಿ ಸಂತೆಯಾಗಿತ್ತು.

ತೊಡಕು ಬಿಗಿಯಾದದ್ದು ಅನಂತರ. ಬೆಂಕಿಯ ಭಯ, ಚರಂಡಿಗೆ ಸೇರುವ ಜಿಡ್ಡು, ನಿದ್ದೆಗೆಟ್ಟ ನಿವಾಸಿಗಳ ದೂರು, ಇವು ಯಾವುವೂ ಸುಳ್ಳಲ್ಲ. ಎಡವಿದ್ದು ಸಂತೆಯನ್ನು ಕಟ್ಟಡದೊಳಗೆ ಸೇರಿಸುವ ಪರಿಹಾರ. ಜಿಯೆನ್‌ಚೆಂಗ್ ವೃತ್ತದ ತಿನಿಸಿನ ಸಂತೆಯನ್ನೇ ನೋಡಬಹುದು. ಎರಡನೆಯ ಮಹಾಯುದ್ಧದಲ್ಲಿ ವಾಯುದಾಳಿಯ ಬೆಂಕಿ ಆರಿಸಲೆಂದು ಅಲ್ಲಿ ನೀರಿನ ಕೊಳ ತೋಡಲಾಗಿತ್ತು. ಯುದ್ಧ ಮುಗಿದ ಮೇಲೆ ಅದನ್ನು ಮುಚ್ಚಿದ ಜಾಗದಲ್ಲಿ ಅಂಗಡಿಗಳು ಮತ್ತೆ ಒಲೆ ಹೊತ್ತಿಸಿದವು. 1993 ಮತ್ತು 1999ರಲ್ಲಿ ಸಂತೆಗೇ ಬೆಂಕಿ ಬಿತ್ತು. 2003ರಲ್ಲಿ ದುಂಡನೆಯ ಗಾಜಿನ ಕಟ್ಟಡವೊಂದು ತೆರೆಯಿತು. ಅಚ್ಚುಕಟ್ಟೇನೋ ಇತ್ತು, ಗಿರಾಕಿಗಳು ಮಾತ್ರ ಬರಲಿಲ್ಲ. 2006ರಲ್ಲಿ ಅಂಗಡಿಗಳು ಬಾಗಿಲು ಹಾಕಿದವು. ಕೊನೆಗೆ ಕಟ್ಟಡವನ್ನೇ ಕೆಡವಲಾಯಿತು.

ಈ ಅನುಭವ ಕಣ್ಣೆದುರಿಗಿದ್ದರೂ ಶಿಲಿನ್ ಅದೇ ಹಾದಿ ಹಿಡಿಯಿತು. ಅದಕ್ಕೂ ಮೊದಲೇ, 2002ರಲ್ಲಿ, ಅಲ್ಲಿನ ತಿನಿಸಿನ ಅಂಗಡಿಗಳು ಜಿಯೆನ್‌ತಾನ್ ಮೆಟ್ರೊ ನಿಲ್ದಾಣದ ಎದುರಿನ ತಾತ್ಕಾಲಿಕ ಶೆಡ್ಡಿಗೆ ಹೋಗಿದ್ದವು. 2011ರ ಕೊನೆಯಲ್ಲಿ ಹೊಸ ಕಟ್ಟಡ ಸಿದ್ಧವಾದಾಗ ಅವುಗಳಿಗೆ ಸಿಕ್ಕಿದ್ದು ನೆಲಮಾಳಿಗೆ. ಹುಳಿಗಟ್ಟಿದ ವಾಸನೆಯ ತೋಫು, ಮೊಟ್ಟೆಯೊಡನೆ ಕಾವಲಿಯ ಮೇಲೆ ಹುಯ್ಯುವ ಸಿಂಪಿಯ ದೋಸೆ, ಇವು ಬೀದಿಯ ಗಾಳಿಯಲ್ಲಿ ದಾರಿಹೋಕರನ್ನು ತಾವೇ ಕರೆಯುವ ತಿನಿಸುಗಳು. ಮೆಟ್ಟಿಲಿಳಿದು ಹುಡುಕಿಕೊಂಡು ಬರಲು ಜನರಿಗೆ ಬೇರೆಯೇ ಕಾರಣ ಬೇಕಾಗುತ್ತದೆ. ಆ ವರ್ಷಗಳಲ್ಲಿ ಚೀನಾದಿಂದ ಬಸ್ಸುಗಟ್ಟಲೆ ಬರುತ್ತಿದ್ದ ಪ್ರವಾಸಿಗರು ಈ ಕೊರತೆಯನ್ನು ಮರೆಸಿದರು. 2016ರ ನಂತರ ಅವರ ಸಂಖ್ಯೆ ಇಳಿಯಿತು, 2020ರಲ್ಲಿ ಕೋವಿಡ್ ಗಡಿ ಮುಚ್ಚಿಸಿತು. ಆಗ ಸ್ಥಳೀಯರು ಆ ಹೊತ್ತಿಗಾಗಲೇ ದೂರವಾಗಿದ್ದುದು ಎದ್ದು ಕಂಡಿತು.

ಬೀದಿಯಲ್ಲೇ ಉಳಿದ ಸಂತೆಗಳ ಪಾಡು ಅಷ್ಟು ಕೆಡಲಿಲ್ಲ. ನಿಂಗ್‌ಶಿಯಾ ಬೀದಿಯಲ್ಲಿ ಕೊಳಚೆಯಿಂದ ಜಿಡ್ಡು ಬೇರ್ಪಡಿಸುವ ವ್ಯವಸ್ಥೆಯನ್ನು ಅಳವಡಿಸಿ, ಗಾಡಿಗಳನ್ನು ಇದ್ದಲ್ಲೇ ಬಿಡಲಾಯಿತು. ಒಳ್ಳೆಯ ಊಟದ ಜಾಗಗಳನ್ನು ಪಟ್ಟಿಮಾಡುವ ಮಿಶೆಲಿನ್ ಮಾರ್ಗದರ್ಶಿ 2018ರಲ್ಲಿ ಮೊದಲ ಬಾರಿ ತೈಪೆಗೆ ಬಂದಾಗ ರಾತ್ರಿ ಸಂತೆಗಳ ಗಾಡಿಗಳನ್ನೂ ಹೆಸರಿಸಿತು. ಅವುಗಳಲ್ಲೊಂದು ರಾವೋಹದಲ್ಲಿ, ಅಲ್ಲಿನ ದೇಗುಲದ ಪಕ್ಕದಲ್ಲೇ ಇದೆ: ಮೆಣಸು, ಈರುಳ್ಳಿ ಸೊಪ್ಪು ಬೆರೆಸಿದ ಹಂದಿಮಾಂಸವನ್ನು ಕಣಕದಲ್ಲಿ ತುಂಬಿ, ಎಳ್ಳು ಹಚ್ಚಿ, ತಂದೂರಿನಂಥ ಇದ್ದಿಲೊಲೆಯ ಒಳಗೋಡೆಗೆ ಬರಿಗೈಯಲ್ಲೇ ಅಂಟಿಸುತ್ತಾರೆ, ಆ ಒಲೆಯ ಮುಂದಿನ ಸಾಲು ಬೀದಿಯ ಬಾಯಿಯಲ್ಲೇ ಶುರುವಾಗುತ್ತದೆ.

ಹಾಗೆಂದು ಶಿಲಿನ್ ಸತ್ತಿಲ್ಲ. ಹೆಸರು ನಂಬಿ ಶಿಲಿನ್ ನಿಲ್ದಾಣದಲ್ಲಿ ಇಳಿಯದೆ ಜಿಯೆನ್‌ತಾನ್‌ನಲ್ಲಿ ಇಳಿದು, ಹೊಸ ಕಟ್ಟಡಕ್ಕೂ ಮೊದಲು ಮಾಝು ಗುಡಿಯ ಸುತ್ತಲಿನ ಗಲ್ಲಿಗಳಿಗೆ ಹೋದರೆ, ಹಳೆಯ ಸಂತೆಯ ಒಂದಿಷ್ಟಾದರೂ ಸಿಗುತ್ತದೆ.