ಸ್ಪೆಕ್ಟ್ರಮ್ 48ಕೆ: ರ‍್ಯಾಮ್ ಬದಲಿಸುವ ಮೊದಲು ಮೈನಸ್ 5 ವೋಲ್ಟ್ ನೋಡಿ

ಪ್ರಶ್ನೆ: ಹಳೆಯ ಜೆಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ ಹೋಮ್ ಕಂಪ್ಯೂಟರ್ ಆನ್ ಮಾಡಿದರೆ ಪರದೆಯ ತುಂಬ ಉದ್ದುದ್ದ ಗೆರೆಗಳು ಬಂದು ಅಲ್ಲಿಗೇ ನಿಲ್ಲುತ್ತದೆ. ರ‍್ಯಾಮ್ ಹೋಗಿದೆ ಎನ್ನುತ್ತಾರೆ. ಎಂಟೂ ಚಿಪ್ ಬದಲಿಸಬೇಕೆ?

ಬಹುಶಃ ಬೇಕಾಗಿಲ್ಲ. ರ‍್ಯಾಮ್ ಕೆಟ್ಟಿರಬಹುದು ನಿಜ, ಆದರೆ ಅದು ಯಾಕೆ ಕೆಟ್ಟಿತು ಎಂದು ತಿಳಿಯದೆ ಹೊಸ ಚಿಪ್ ಹಾಕಿದರೆ ಅದೂ ಸುಟ್ಟುಹೋಗುತ್ತದೆ. ಮೊದಲು ವಿದ್ಯುತ್, ಆಮೇಲೆ ಮೆಮೊರಿ.

1982ರ ಈ ಯಂತ್ರದಲ್ಲಿ ಎರಡು ಬಗೆಯ ರ‍್ಯಾಮ್ ಇದೆ. ಕೆಳಗಿನ 16ಕೆಗೆ ಎಂಟು 4116 ಚಿಪ್‌ಗಳು (ಬೋರ್ಡ್ ಮೇಲಿನ ಗುರುತು ಐಸಿ6ರಿಂದ ಐಸಿ13), ಮೇಲಿನ 32ಕೆಗೆ ಎಂಟು 4532 ಚಿಪ್‌ಗಳು (ಐಸಿ15ರಿಂದ ಐಸಿ22). 4532ಕ್ಕೆ 5 ವೋಲ್ಟ್ ಒಂದೇ ಸಾಕು. 4116ಕ್ಕೆ ಮಾತ್ರ 12, 5 ಮತ್ತು ಮೈನಸ್ 5, ಹೀಗೆ ಮೂರು ವೋಲ್ಟೇಜ್ ಬೇಕು. ಮೈನಸ್ 5 ಎಲ್ಲಕ್ಕಿಂತ ಮೊದಲು ಬರಬೇಕು, ಕೊನೆಗೆ ಹೋಗಬೇಕು. 12 ವೋಲ್ಟ್ ಇದ್ದು ಮೈನಸ್ 5 ಇಲ್ಲದಿದ್ದರೆ ಚಿಪ್ಪಿನೊಳಗಿನ ಟ್ರಾನ್ಸಿಸ್ಟರ್‌ಗಳು ಹಿಡಿತ ತಪ್ಪಿ ವಿಪರೀತ ಕರೆಂಟ್ ಎಳೆಯುತ್ತವೆ. ಚಿಪ್ ಕಾದು ಸಾಯುತ್ತದೆ. ಸ್ಪೆಕ್ಟ್ರಮ್‌ನಲ್ಲಿ 12 ಮತ್ತು ಮೈನಸ್ 5 ಎರಡನ್ನೂ ತಯಾರಿಸುವುದು ಒಂದು ಪುಟ್ಟ ಕಾಯಿಲ್ ಮತ್ತು ಟಿಆರ್4, ಟಿಆರ್5 ಎಂಬ ಎರಡು ಟ್ರಾನ್ಸಿಸ್ಟರ್. ರೋಗದ ಬೇರು ಹೆಚ್ಚಿನ ಸಲ ಅಲ್ಲೇ ಇರುತ್ತದೆ.

ಅಡಾಪ್ಟರ್‌ನಿಂದ ಶುರುಮಾಡಿ. ಬೇಕಾದದ್ದು 9 ವೋಲ್ಟ್ ಡಿಸಿ, 1.4 ಆಂಪಿಯರ್, ಪಿನ್ನಿನ ನಡುಭಾಗ ಮೈನಸ್. ಈಗ ಅಂಗಡಿಯಲ್ಲಿ ಸಿಗುವ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುಭಾಗ ಪ್ಲಸ್. ಅದನ್ನು ಚುಚ್ಚಿದರೆ ಇರುವ ತೊಂದರೆಯ ಮೇಲೆ ಇನ್ನೊಂದು ಸೇರುತ್ತದೆ. ಮೂಲ ಅಡಾಪ್ಟರ್ ಲೋಡ್ ಇಲ್ಲದೆ 12 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಗಾಬರಿ ಬೇಡ. ಅದರಲ್ಲಿ ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರ್ ಇಲ್ಲ.

ಈಗ ಪವರ್ ತೆಗೆದಿಟ್ಟು ಮಲ್ಟಿಮೀಟರನ್ನು ಓಮ್‌ಗೆ ಹಾಕಿ. 4116ರ ಕಚ್ಚು ಮೇಲಿರುವಂತೆ ನೋಡಿದರೆ ಎಡಮೇಲಿನದು 1ನೇ ಕಾಲು (ಮೈನಸ್ 5), ಎಡಕೆಳಗಿನದು 8 (12 ವೋಲ್ಟ್), ಬಲಕೆಳಗಿನದು 9 (5 ವೋಲ್ಟ್), ಬಲಮೇಲಿನದು 16 (ಗ್ರೌಂಡ್). 16ರಿಂದ ಉಳಿದ ಮೂರಕ್ಕೂ ಅಳೆಯಿರಿ. ಎಲ್ಲಾದರೂ ಒಂದೆರಡು ಓಮ್ ಬಂದರೆ ಶಾರ್ಟ್ ಇದೆ ಎಂದರ್ಥ, ಪವರ್ ಕೊಡಬೇಡಿ. ಶಾರ್ಟ್ ಇಲ್ಲದಿದ್ದರೆ ಕೆಲವೇ ಸೆಕೆಂಡು ಆನ್ ಮಾಡಿ ಮೊದಲು 1ನೇ ಕಾಲನ್ನೇ ಅಳೆಯಿರಿ. ಮೈನಸ್ 4.5ರಿಂದ 5.5, 12ರ ಕಡೆ 10.8ರಿಂದ 13.2, 5ರ ಕಡೆ 4.5ರಿಂದ 5.5 ಇದ್ದರೆ ಸರಿ. ಮೈನಸ್ 5 ಕಾಣದಿದ್ದರೆ ತಕ್ಷಣ ಆಫ್ ಮಾಡಿ.

ಮೈನಸ್ 5 ಇಲ್ಲವೆಂದರೆ ಟಿಆರ್4 (ಜೆಡ್‌ಟಿಎಕ್ಸ್650) ಮತ್ತು ಟಿಆರ್5 (ಜೆಡ್‌ಟಿಎಕ್ಸ್213) ಎರಡನ್ನೂ ಒಟ್ಟಿಗೇ ಬದಲಿಸಿ. ಒಂದು ಸತ್ತಾಗ ಇನ್ನೊಂದು ಅರೆಜೀವವಾಗಿರುವುದು ಸಾಮಾನ್ಯ. ಕಾಯಿಲ್‌ನ ತಂತಿ ಕಪ್ಪಾಗಿದೆಯೇ, ತುಂಡಾಗಿದೆಯೇ ನೋಡಿ. ಬೋರ್ಡ್ ಮೇಲಿನ ಹಳೆಯ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ನಲವತ್ತು ವರ್ಷ ದಾಟಿವೆ, ಅವನ್ನೂ ಇದೇ ಸರದಿಯಲ್ಲಿ ಬದಲಿಸುವುದು ಒಳ್ಳೆಯದು. ತೆಗೆಯುವ ಮೊದಲು ಪ್ಲಸ್ ಯಾವ ಕಡೆ ಇತ್ತೆಂದು ಫೋಟೊ ತೆಗೆದಿಡಿ.

12 ವೋಲ್ಟ್ ಸಾಲಿನಲ್ಲಿ ಶಾರ್ಟ್ ಇದ್ದರೆ ಯಾವುದೋ ಒಂದು 4116 ಒಳಗೇ ಕೂಡಿಕೊಂಡಿರಬಹುದು. ಟಿಆರ್4 ತೆಗೆದು, ಬೆಂಚ್ ಸಪ್ಲೈಯನ್ನು (ವೋಲ್ಟೇಜ್, ಕರೆಂಟ್ ಬೇಕಾದಷ್ಟಕ್ಕೆ ಹೊಂದಿಸಬಹುದಾದ ವಿದ್ಯುತ್ ಪೆಟ್ಟಿಗೆ) 1 ವೋಲ್ಟ್‌ಗಿಂತ ಕೆಳಗಿಟ್ಟು, ಅರ್ಧ ಆಂಪಿಯರ್ ಮಿತಿ ಹಾಕಿ ಆ ಸಾಲಿಗೆ ಕೊಡಿ. ಕೆಟ್ಟ ಚಿಪ್ ಬೆರಳಿಗೆ ಬೆಚ್ಚಗೆ ಸಿಗುತ್ತದೆ. ಇಷ್ಟು ಕಡಿಮೆ ವೋಲ್ಟೇಜ್ ಯಾಕೆಂದರೆ, ಪೂರ್ತಿ 12 ಕೊಟ್ಟರೆ ಮೈನಸ್ 5 ಇಲ್ಲದ ಹೊತ್ತಿನಲ್ಲಿ ಒಳ್ಳೆಯ ಚಿಪ್‌ಗಳೂ ಹೋಗುತ್ತವೆ.

ಮೂರು ವೋಲ್ಟೇಜ್ ಸರಿಯಿದ್ದೂ ಗೆರೆ ಬರುತ್ತಿದ್ದರೆ ಪರದೆಯೇ ಚಿಪ್ಪಿನ ನಂಬರ್ ಹೇಳುತ್ತದೆ. ಪರದೆಯ ಚಿತ್ರ ಇರುವುದು ಕೆಳಗಿನ ರ‍್ಯಾಮ್‌ನಲ್ಲೇ, 16384ನೇ ವಿಳಾಸದಿಂದ. ಒಂದೊಂದು ಚಿಪ್ ಒಂದೊಂದು ಬಿಟ್ ಹಿಡಿದಿಡುತ್ತದೆ. ಹಾಗಾಗಿ ಪ್ರತಿ ಎಂಟು ಚುಕ್ಕೆಗಳಲ್ಲಿ ಎಡತುದಿಯದು ಸದಾ ಹೊತ್ತಿದ್ದರೆ ಅಥವಾ ಸದಾ ಆರಿದ್ದರೆ ಐಸಿ13, ಬಲತುದಿಯದಾದರೆ ಐಸಿ6, ನಡುವಿನವು ಅದೇ ಕ್ರಮದಲ್ಲಿ. ಒಂದು ಎಚ್ಚರಿಕೆ: ಆನ್ ಮಾಡಿದಾಗ ಯಂತ್ರ ಪರೀಕ್ಷೆಗೆಂದು ರ‍್ಯಾಮ್‌ನ ಎಲ್ಲ ವಿಳಾಸಕ್ಕೂ 2 ಬರೆಯುತ್ತದೆ, ಆದ್ದರಿಂದ ಕಪ್ಪು ಹಿನ್ನೆಲೆಯಲ್ಲಿ ತೆಳು ಕೆಂಪು ಗೆರೆಗಳು ಕ್ಷಣಕಾಲ ಕಾಣುವುದು ಆರೋಗ್ಯದ ಲಕ್ಷಣವೇ. ಅದು ಅಳಿಸಿಹೋಗದೆ ನಿಂತರೆ ಮಾತ್ರ ರೋಗ.

ಪರದೆಯಲ್ಲಿ ತಯಾರಕ ಕಂಪನಿ ಸಿಂಕ್ಲೇರ್ ಹೆಸರಿನ ಸಾಲು ಬಂದು, ದೊಡ್ಡ ಆಟಗಳು ಮಾತ್ರ ಲೋಡ್ ಆಗದಿದ್ದರೆ ತೊಂದರೆ ಮೇಲಿನ 32ಕೆಯಲ್ಲಿದೆ. ಪ್ರಿಂಟ್ ಪೀಕ್ 23732 + 256 * ಪೀಕ್ 23733 ಎಂದು ಬೇಸಿಕ್‌ನಲ್ಲಿ ಕೊಡಿ (ಪೀಕ್ ಮೆಮೊರಿ ಓದುವ ಆದೇಶ, ಪೋಕ್ ಬರೆಯುವ ಆದೇಶ). 65535 ಬಂದರೆ ಪೂರ್ತಿ ಇದೆ. 32767 ಎಂದರೆ ಯಂತ್ರ 16ಕೆಯನ್ನಷ್ಟೇ ಕಂಡಿದೆ. ನಂತರ ಪೋಕ್ 40000, 255 ಮಾಡಿ ಪೀಕ್‌ನಿಂದ ಓದಿ. 251 ಬಂದರೆ 4 ಕಡಿಮೆಯಾಗಿದೆ. 1, 2, 4, 8 ಎಂದು ಐಸಿ15ರಿಂದ ಎಣಿಸಿದರೆ 4 ಎಂದರೆ ಐಸಿ17. 0 ಬರೆದು 64 ಓದಿದರೆ ಐಸಿ21. ಎಂಟೂ ಬಿಟ್ ಒಟ್ಟಿಗೆ ತಪ್ಪಿದರೆ ಎಂಟು ಚಿಪ್ ಒಂದೇ ದಿನ ಸತ್ತಿವೆ ಎಂದುಕೊಳ್ಳಬೇಡಿ. ವಿಳಾಸ ಹಂಚುವ ಐಸಿ23ರಿಂದ 26ರವರೆಗಿನ 74ಎಲ್‌ಎಸ್ ಚಿಪ್‌ಗಳನ್ನು ನೋಡಿ. ಮೇಲಿನ ರ‍್ಯಾಮ್‌ಗೆ 4164 (5 ವೋಲ್ಟ್ ಒಂದೇ ಸಾಕಾಗುವ ಇನ್ನೊಂದು ಮೆಮೊರಿ ಚಿಪ್) ನೇರವಾಗಿ ಕೂರುತ್ತದೆ.

ತೆಗೆಯುವಾಗ ಚಿಪ್ ಉಳಿಸುವ ಆಸೆ ಬೇಡ, ಉಳಿಯಬೇಕಾದದ್ದು ಬೋರ್ಡ್. ಕಾಲುಗಳನ್ನು ಬುಡದಲ್ಲೇ ಕತ್ತರಿಸಿ, ಬೆಸುಗೆ ಕರಗಿಸಿ ಒಂದೊಂದಾಗಿ ಎಳೆದು, 16 ಕಾಲಿನ ಸಾಕೆಟ್ ಹಾಕಿ. ಸಾಕೆಟ್, ಕೆಪಾಸಿಟರ್, 5 ವೋಲ್ಟ್ ಕೊಡುವ 7805 ರೆಗ್ಯುಲೇಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ. 4116 ಹುಡುಕುವುದು ಕಷ್ಟ, ಸಿಕ್ಕಿದರೆ 150 ನ್ಯಾನೊಸೆಕೆಂಡಿನದು ತೆಗೆದುಕೊಳ್ಳಿ. ಸಿಗದಿದ್ದರೆ 4164 ಬಳಸಬಹುದು: ಅದರ 1, 8, 9ನೇ ಕಾಲುಗಳನ್ನು ಹೊರಕ್ಕೆ ಬಗ್ಗಿಸಿ, 1ನ್ನು ಎಲ್ಲಿಗೂ ಸೇರಿಸದೆ ಬಿಟ್ಟು, 8ನ್ನು ಸಾಕೆಟ್ಟಿನ 9ನೇ ತೂತಿಗೆ, 9ನ್ನು 16ಕ್ಕೆ ತಂತಿಯಿಂದ ಸೇರಿಸಿ. ಎಂಟನ್ನೂ ಹೀಗೆ ಮಾಡಿದರೆ ಮೈನಸ್ 5ರ ಭಯ ರ‍್ಯಾಮ್‌ಗೆ ತಪ್ಪುತ್ತದೆ. ಆದರೂ ಟಿಆರ್4 ಸರ್ಕ್ಯೂಟ್ ಕಿತ್ತುಹಾಕಬೇಡಿ, ಬಣ್ಣ ಮೂಡಿಸುವ ಎಲ್‌ಎಂ1889 ಚಿಪ್‌ಗೆ 12 ವೋಲ್ಟ್ ಬೇಕೇ ಬೇಕು.

1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ಭಾರತಕ್ಕೆ ತಂದದ್ದು ಸ್ಪೆಕ್ಟ್ರಮ್ ಪ್ಲಸ್. ಅಂಥದ್ದೊಂದು ಮನೆಯ ಅಟ್ಟದಲ್ಲಿದ್ದರೆ, ವರ್ಷಗಳ ನಂತರ ನೇರವಾಗಿ ಪವರ್ ಕೊಡದೆ ಮೇಲಿನ ಓಮ್ ಪರೀಕ್ಷೆಯನ್ನು ಮೊದಲು ಮಾಡಿ. ರಿಪೇರಿ ಮುಗಿದ ಯಂತ್ರದ ಹಿಂದಿನ ಎಡ್ಜ್ ಕನೆಕ್ಟರ್‌ಗೆ ಏನನ್ನಾದರೂ ಚುಚ್ಚುವಾಗ, ಕೀಳುವಾಗ ಪವರ್ ತೆಗೆದಿರಲಿ. ಅಲ್ಲಿ 5 ಮತ್ತು 9 ವೋಲ್ಟ್ ಹತ್ತಿರಹತ್ತಿರ ಇವೆ, ಕನೆಕ್ಟರ್ ಸ್ವಲ್ಪ ಓರೆಯಾದರೂ ಟಿಆರ್4 ಮತ್ತೆ ಹೋಗಬಹುದು.